ಕಿಟಕಿಯಿಲ್ಲದ ಕಡೆಯ ಗಿಳಿ

ಬಸಣ್ಣ ಕಾಕಾ,

ಮೊದಲಿಗೇ ಮನ್ನಿಸಿ ಅನ್ನುತ್ತೇನೆ. ನನ್ನ ಅಕ್ಷರ ಸೊಟ್ಟ, ಒತ್ತಕ್ಷರಗಳಲ್ಲಿ ತಪ್ಪೂ ಇರಬಹುದು. ಐದನೆಯ ಇಯತ್ತೆಗೇ ಶಾಲೆ ಬಿಟ್ಟವನು. ಲಾರಿಯ ಮೇಲೆ ಬ್ರಷ್ ಇಟ್ಟರೆ ಅಕ್ಷರ ನೆಟ್ಟಗೆ ನಿಲ್ಲುತ್ತದೆ. ಪೆನ್ನು ಹಿಡಿದರೆ ಮಾತ್ರ ಯಾಕೋ...

ನೀವು ತೀರಿಹೋದ ಸುದ್ದಿ ಬಂದಾಗ ಲಾಸ್ ಆಲ್ಟೋಸ್‌ನ ಒಂದು ಮನೆಗೆ ಬಿಳಿ ಬಣ್ಣ ಹಚ್ಚುತ್ತಿದ್ದೆ. ಅಕ್ಕನ ಹತ್ತಿರ ಈ ಪರದೇಶಕ್ಕೆ, ಗಿಲ್‌ರಾಯ್ ಊರಿಗೆ ಬಂದಮೇಲೆ ನನಗೆ ಇದೇ ಕೆಲಸ. ಆ ಮನೆಯವರಿಗೆ ಗೋಡೆಯ ಮೇಲೆ ಒಂದು ಗೆರೆಯೂ ಬೇಡ. ಆದರೂ ಮನೆಯೊಡತಿ ನಾಲ್ಕು ಬಗೆಯ ಬಿಳಿ ಹಚ್ಚಿಸಿ, ಬೆಳಗಿನ ಬಿಸಿಲಿಗೊಮ್ಮೆ, ಸಂಜೆಗೊಮ್ಮೆ ನೋಡಿ ಒಂದನ್ನು ಆರಿಸಿದರು. ಅದೂ ಅಲಂಕಾರವೇ ಅಲ್ಲವೇ ಕಾಕಾ?

ನಾನು ಲಾರಿ ಚಿತ್ರ ಕಲಿತ ಹುಬ್ಬಳ್ಳಿಯ ನಿಮ್ಮ ಶೆಡ್ಡಿಗೆ ಒಬ್ಬ ಲಾರಿ ಮಾಲೀಕ ಬಂದಿದ್ದ, ನೆನಪಿದೆಯೇ? "ನಂಬರು ಬರದ್ರ ಸಾಕು. ನಿನ್ನ ಗಿಳಿ ಬಂದು ಲಾರಿ ಎಳೀತದೇನು?" ಎಂದ. ನೀವು ಬ್ರಷ್ ಒರೆಸುತ್ತ, "ಎಳಿಯಂಗಿಲ್ರೀ ಸಾವ್ಕಾರ್ರ. ಆದ್ರ ನಿಮ್ಮ ಲಾರಿ ಹಿಂದ ಹೊಗಿ ಕುಡಕೋತ ಒಬ್ಬಾಂವ ಬರ್ತಾನಲ್ಲ, ಅವಗ ನೋಡಾಕ ಏನರ ಬ್ಯಾಡೇನು?" ಎಂದಿರಿ. ಅವನು ನಕ್ಕುಬಿಟ್ಟ. ಗಿಳಿ ಉಳಿಯಿತು.

ಹೋದ ತಿಂಗಳು ಅಕ್ಕ, ಭಾವ ಗಿರಮಿಟ್ಟು, ಮಿರ್ಚಿ ಭಜಿ ಮಾರಲು ಹಳೆಯ ವ್ಯಾನೊಂದನ್ನು ತಂದರು. ನಾನು ಚಿತ್ರ ಬರೆಯುತ್ತೇನೆ ಎಂದೆ. ಏನನ್ನೂ ಕೇಳದ ನಾನು ಬಾಯಿ ಬಿಟ್ಟದ್ದೇ ಅವರಿಗೆ ಆಶ್ಚರ್ಯ. "ಇಲ್ಲೆ ಎಲ್ಲಾ ಪ್ಲೇನ್ ಇರಬೇಕಪಾ. ಬಿಳಿ ವ್ಯಾನು, ಒಂದು ಸ್ಟಿಕರು, ಮುಗೀತು," ಎಂದರು ಭಾವ. ಅಕ್ಕನ ಮಗಳು ಫೋನಿನಿಂದ ತಲೆ ಎತ್ತದೆ "ಟೂ ಮಚ್, ಮಾಮಾ" ಎಂದಳು. ಅಕ್ಕ ಮಾತ್ರ ಗಂಡನ ಮೇಲೆ ಸಿಡುಕಿದಳು: "ಮದವ್ಯಾಗ ನಿಮ್ಮ ಪೇಟಾಕ್ಕ ಜರಿ ಇರಲಿಲ್ಲೇನು? ಪ್ಲೇನ್ ಅಂತ ಪ್ಲೇನ್!" ಕೊನೆಗೆ ಭಾವ ವ್ಯಾನಿನ ಒಂದು ಕಡೆ ಬಿಟ್ಟುಕೊಟ್ಟರು. ಯಾವ ಕಡೆ? ಮಾರುವ ಕಿಟಕಿ ಇಲ್ಲದ ಕಡೆ.

ಅಷ್ಟೇ ಸಾಕಿತ್ತು ನನಗೆ. ಇದೂ ತಪ್ಪಿದರೆ ಇನ್ನು ಜೀವನವಿಡೀ ಬಿಳಿಯೇ. ನೀವು ಕಲಿಸಿದ್ದು ನನ್ನ ಕೈಯಲ್ಲೇ ಒಣಗಿಹೋದರೆ... ರಜೆಯ ದಿನಗಳೆಲ್ಲ ಅದಕ್ಕೇ ಹೋದವು. ಮೂಲೆಗಳಿಗೆ ಕಮಲ, ಅಂಚಿಗೆ ಬಳ್ಳಿ, ನಡುವೆ ನಿಮ್ಮ ಗಿಳಿ. ಕೆಂಪಿನ ಪಕ್ಕದ ಹಳದಿ ಗೆರೆಯನ್ನು ನಿಮ್ಮ ಹಾಗೆಯೇ ಉಸಿರು ಬಿಗಿಹಿಡಿದು ಎಳೆದೆ. ಕೈ ಅಲುಗಲಿಲ್ಲ ಕಾಕಾ.

ಮೊದಲ ವ್ಯಾಪಾರ ಹೋದ ಶನಿವಾರ. ಈ ಊರಿನ ಬೆಳ್ಳುಳ್ಳಿ ಹೊಲಗಳಲ್ಲಿ ದುಡಿಯುವವರು ಮಕ್ಕಳನ್ನು ಕರೆದುಕೊಂಡು ಬಂದರು, ಫೋಟೋ ತೆಗೆದರು, ಸಾಲಾಗಿ ನಿಂತರು. ಎಲ್ಲರೂ ಗಿಳಿಯ ಮುಂದೆ! ಆಚೆ ಕಿಟಕಿಯಲ್ಲಿ ನಿಂತ ಭಾವನ ಮುಂದೆ ಒಂದು ನರಪಿಳ್ಳೆಯೂ ಇಲ್ಲ. ಅವರು ಇಳಿದು ಓಡಿ ಬಂದು "ಅದರ್ ಸೈಡ್, ಅದರ್ ಸೈಡ್!" ಎಂದು ಕೈ ಬೀಸಿದರು. ಒಳಗಿನಿಂದ ಅಕ್ಕ, ಭಜಿ ಕರಿಯುತ್ತಲೇ, "ಗಿಳೀನ ಆರ್ಡರ್ ತಗೊಳ್ಳಾಕ ಹೇಳ್ರಿ!" ಎಂದು ಕೂಗಿದಳು.

ನಿನ್ನೆ ಊಟಕ್ಕೆ ಕೂತಾಗ ಭಾವ ತಟ್ಟೆ ನೋಡುತ್ತಲೇ, "ಕಿಟಕಿ ಕಡೀಗೂ ಏನರ ಬರಿಯಪಾ. ನವಲು ಬರ್ತದೇನು ನಿನಗ?" ಎಂದರು. ನಿಮ್ಮ ಶಿಷ್ಯನಿಗೆ ಕೇಳುವ ಮಾತೇ ಅದು?

ಇವತ್ತು ಬೆಳಿಗ್ಗೆ ಆ ಕಡೆಯನ್ನು ಸೋಪಿನ ನೀರಿನಿಂದ ತೊಳೆದು ಒರೆಸಿದೆ. ಪೆನ್ಸಿಲಿನಲ್ಲಿ ನವಿಲಿನ ಕತ್ತಿನ ಗೆರೆ ಎಳೆದು ನೀಲಿ ಡಬ್ಬಿ ತೆರೆದೆ. ಗರಿ ಬಿಚ್ಚುವುದಕ್ಕೆ ಕಿಟಕಿಯ ಸುತ್ತ ಜಾಗ ಬಿಟ್ಟಿದ್ದೇನೆ.