ಒಂದು ಶೇರಿನ ಒಡೆಯ

ಗುಂಡ್ಲುಪೇಟೆ
೨೪ ಆಗಸ್ಟ್ ೨೦೨೫

ಪ್ರೀತಿಯ ಭಾಗ್ಯಕ್ಕ,

ನಿನ್ನ ತಮ್ಮನ ನಮಸ್ಕಾರ. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬೈಯಿ, ಬೈಸಿಕೊಳ್ಳುತ್ತೇನೆ. ಬ್ಯಾಂಕಿನ ಸಭೆ ಆದಮೇಲೆ ನೀನು ಮಾಡಿದ ಫೋನುಗಳನ್ನೂ ಎತ್ತಲಿಲ್ಲ. ನಿನ್ನ ಆ ಫೋನು ಬ್ಯಾಂಕಿನವರು ಕೊಟ್ಟದ್ದು. ನಾನು ಹೇಳಬೇಕಾದದ್ದು ನಿನಗೊಬ್ಬಳಿಗೇ. ಅದಕ್ಕೇ ಈ ಕಾಗದ.

ಹರದನಹಳ್ಳಿಯಲ್ಲಿ ಅಪ್ಪನ ಮಂಡಿನೋವು ಇಳಿದಿದೆ. ನಾನು ಸಾದಿಕಣ್ಣನ ಜೆರಾಕ್ಸ್ ಅಂಗಡಿಯಲ್ಲೇ ಇದ್ದೇನೆ. ಚಾಮರಾಜನಗರದ ಸಂಘದವರು ಅಚ್ಚಿಗೆ ತರುವ ಕರಪತ್ರಗಳನ್ನೆಲ್ಲ ಓದಿದ ಮೇಲೇ ಕಟ್ಟು ಕಟ್ಟುತ್ತೇನೆ ಎಂದು ಈಗಲೂ ಸಾದಿಕಣ್ಣನ ದೂರು. "ಸಿದ್ದಾ, ಹಂಚೋರೇ ಓದಕ್ಕಿಲ್ಲ, ನೀನ್ಯಾಕ್ಲಾ ಓದೀಯೆ?"

ಬೇಗೂರಿನ ದೊಡ್ಡವ್ವನ ಸಂಗತಿ ನಿನಗೆ ಗೊತ್ತು. ಹಾಸ್ಟೆಲಿನಲ್ಲಿ ಅಡುಗೆ ಮಾಡಿ ಕೂಡಿಟ್ಟಿದ್ದನ್ನು ಎಫ್‌ಡಿ ಮಾಡಲು ನಿಮ್ಮ ಬ್ಯಾಂಕಿಗೆ ಹೋದಳು. ಕೈಗೆ ಬಂದದ್ದು ವಿಮೆ ಪಾಲಿಸಿ. ವರ್ಷ ವರ್ಷ ಕಟ್ಟಬೇಕಂತೆ. ಕೌಂಟರಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಮ್ಯಾನೇಜರ್ ಟಾರ್ಗೆಟ್ ಕೊಡುತ್ತಾನೆ, ಮ್ಯಾನೇಜರಿಗೆ ಮೇಲಿನವರು. ಕೆಳಗಿನವರನ್ನು ಹಿಡಿದು ಬಡಿಯುವುದು ಸುಲಭ. ಮೆಟ್ಟಿಲು ಹತ್ತುತ್ತಾ ಹೋದರೆ ಕೊನೆಗೆ ಸಿಗುವುದು ನಿರ್ದೇಶಕರ ಬೋರ್ಡಿನ ಮೇಜು. ನಾನು ಅಲ್ಲಿಗೇ ಹೋಗಲು ತೀರ್ಮಾನಿಸಿದೆ.

ದಾರಿ ತೋರಿಸಿದವಳು ನೀನೇ. ಮುಂಬೈ ಹೆಡ್ ಆಫೀಸಿನಲ್ಲಿ ಬೋರ್ಡಿನ ಸಭೆಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ಸೇರಿದ ವರ್ಷ, ನನ್ನ ಹೆಸರಿಗೆ ಒಂದೇ ಒಂದು ಶೇರು ಕೊಡಿಸಿ, "ಇನ್ಮೇಲೆ ಅಧ್ಯಕ್ಷರೂ ನಿಂಗೆ ಉತ್ತರ ಕೊಡ್ಬೇಕು ಕಣೋ" ಅಂದಿದ್ದೆ. ಆ ಮಾತನ್ನು ನಾನು ನಂಬಿದೆ. ಈಗಲೂ ನಂಬುತ್ತೇನೆ.

ಶೇರುದಾರರ ವಾರ್ಷಿಕ ಸಭೆ ಕಂಪ್ಯೂಟರಿನಲ್ಲೇ ನಡೆಯಿತು. ಮಾತಾಡಲು ಹೆಸರು ಬರೆಸಿದ್ದೆ. ನಿನಗೆ ತೊಂದರೆಯಾಗಬಾರದೆಂದು ನಿನಗೆ ತಿಳಿಸಿರಲಿಲ್ಲ. ದೊಡ್ಡವ್ವ ಬೆಳಗಿನ ಬಸ್ಸಿಗೇ ಬಂದು ಅಂಗಡಿಯಲ್ಲಿ ಕೂತಳು. ಸಾದಿಕಣ್ಣ ಮೆಷಿನ್ ನಿಲ್ಲಿಸಿ, "ಒಂದು ಶೇರಿಗೇ ಬ್ಯಾಂಕಿನ ಓನರ್ರಾ ನೀನು? ಹಂಗಾದ್ರೆ ನಂಗೊಂದು ಸಾಲ ಸ್ಯಾಂಕ್ಷನ್ ಮಾಡ್ಬುಡ್ಲಾ" ಎಂದರು.

ನನಗಿಂತ ಮುಂಚೆ ಮಾತಾಡಿದವರೆಲ್ಲ ಅಧ್ಯಕ್ಷರಿಗೆ ದೀರ್ಘಾಯುಷ್ಯ ಕೋರಿದರು. ಒಬ್ಬರು ಅವರ ಮೇಲೆ ಪದ್ಯವನ್ನೇ ಓದಿದರು. ಇನ್ನೊಬ್ಬರು, ಹಿಂದೆಲ್ಲ ಸಭೆಗೆ ಬಂದವರಿಗೆ ತಿಂಡಿ ಪೊಟ್ಟಣ ಕೊಡುತ್ತಿದ್ದಿರಲ್ಲ, ಈಗ ಮನೆಗೇ ಕಳಿಸಿ ಎಂದರು. ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಒಬ್ಬೊಬ್ಬರ ಹೆಸರು ಕರೆಯುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ನನ್ನ ಹೆಸರೂ ಬಂತು.

ಕನ್ನಡದಲ್ಲೇ ಕೇಳಿದೆ. "ಅಧ್ಯಕ್ಷರೇ, ವಿಮೆ ಹೆಚ್ಚು ಮಾರಿದಷ್ಟೂ ಎಂ.ಡಿ.ಯವರ ಬೋನಸ್ ಏರುತ್ತದೆ. ಆ ಬೋನಸ್ ತೀರ್ಮಾನಿಸುವ ಸಮಿತಿಗೂ ಗ್ರಾಹಕರ ದೂರು ಕೇಳುವ ಸಮಿತಿಗೂ ಒಬ್ಬರೇ ನಿರ್ದೇಶಕರು ಮುಖ್ಯಸ್ಥರು. ಅವರನ್ನೇ ಮತ್ತೆ ನೇಮಿಸಲು ಇವತ್ತು ನಮ್ಮ ಮತ ಕೇಳುತ್ತಿದ್ದೀರಿ. ದೂರು ಕೇಳುವ ಕಿವಿಯೂ ಬೋನಸ್ ಬರೆಯುವ ಕೈಯೂ ಒಬ್ಬರದೇ ಆದರೆ ಯಾರು ಯಾರನ್ನು ತಡೆಯುತ್ತಾರೆ? ನಮ್ಮ ಬೇಗೂರಿನಲ್ಲಿ ದೊಡ್ಡಮಾದಮ್ಮ ಎಂಬ..."

ಮೈಕ್ ಆಫ್ ಆಯಿತು. ನನಗೆ ಕೊಟ್ಟ ಸಮಯ ಅರ್ಧವೂ ಮುಗಿದಿರಲಿಲ್ಲ. "ಥ್ಯಾಂಕ್ ಯೂ, ನೆಕ್ಸ್ಟ್ ಸ್ಪೀಕರ್ ಪ್ಲೀಸ್" ಎಂದಿತು ಆ ದನಿ.

"ನನ್ನೆಸ್ರು ಕೇಳುತ್ಲೂ ನಿಲ್ಸ್‌ಬುಟ್ರಲ್ಲಾ" ಎಂದಳು ದೊಡ್ಡವ್ವ.

"ಕನ್ನಡ ಅರ್ಥ ಆಗ್ದೆ ಕಟ್ ಮಾಡವ್ರೆ, ಬುಡಮ್ಮ" ಎಂದು ಸಾದಿಕಣ್ಣ ಟೀ ತರಿಸಿದರು.

ಸೋತು ಕೂತಿದ್ದೇನೆ ಅಂದುಕೊಳ್ಳಬೇಡ. ಆ ನಿರ್ದೇಶಕರ ವಿರುದ್ಧ ಮತ ಹಾಕಿದೆ. ಅವರು ಭಾರೀ ಬಹುಮತದಿಂದ ಗೆದ್ದರು, ಆದರೆ ಎಲ್ಲರೂ ಒಪ್ಪಿದರು ಎಂದು ಬರೆದುಕೊಳ್ಳಲು ಆಗಲಿಲ್ಲ. ಪ್ರಶ್ನೆಯನ್ನು ಪೂರ್ತಿ ಬರೆದು ಬೋರ್ಡಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ದೊಡ್ಡವ್ವನ ದೂರು, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್ ಕಚೇರಿಗೆ ಹೋಗಿದೆ. ಬೇಗೂರಿನಲ್ಲಿ ಹೀಗೇ ಪಾಲಿಸಿ ಹೊತ್ತುಕೊಂಡವರು ಈಗ ಭಾನುವಾರ ಭಾನುವಾರ ಅವಳ ಜಗಲಿಯ ಮೇಲೆ ಸೇರುತ್ತಾರೆ. ನಾನು ಅವರಿಗೆ ಬೋರ್ಡ್ ಎಂದರೇನು, ಅದು ಯಾರಿಗೆ ಜವಾಬು ಕೊಡಬೇಕು ಎಂದು ಹೇಳುತ್ತೇನೆ. ಮುಂದಿನ ವರ್ಷ ದೊಡ್ಡವ್ವನ ಹೆಸರಿಗೂ ಒಂದು ಶೇರು ಕೊಳ್ಳುತ್ತೇನೆ, ಅವಳೇ ಮಾತಾಡಲಿ. "ನಾನ್ ಕೂಗುದ್ರೆ ಮುಂಬೈಗಂಟ ಕೇಳ್ತದೆ, ಮೈಕ್ ಯಾಕ್ಲಾ ನಂಗೆ?" ಅನ್ನುತ್ತಾಳೆ.

ಅಪ್ಪ, ಅವ್ವ, ದೊಡ್ಡವ್ವ ಮೂವರ ಆಶೀರ್ವಾದವನ್ನೂ ಈ ಲಕೋಟೆಯಲ್ಲೇ ಕಳಿಸಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಮ್ಮ,
ಸಿದ್ದಾರ್ಥ

ವಿ.ಸೂ.: ಅಕ್ಕ, ಸಾದಿಕಣ್ಣ ಹೇಳಿದ್ದು ತಪ್ಪು. ಆ ಸಭೆ ನಡೆಸುತ್ತಿದ್ದವರಲ್ಲಿ ಕನ್ನಡ ಬಲ್ಲವರು ಒಬ್ಬರಿದ್ದರು. ಅರ್ಥವಾದದ್ದಕ್ಕೇ ಮೈಕ್ ಆಫ್ ಆಯಿತು. ನನ್ನ ಹೆಸರು ಕರೆಯುವ ಮೊದಲು ನೀನು ಚೂರು ತಡೆದೆ. ಎಷ್ಟು ಇಂಗ್ಲಿಷ್ ಮೆತ್ತಿದರೂ ನಿನ್ನ ದನಿ ನನಗೆ ತಿಳಿಯುವುದಿಲ್ಲವೇ? ಇಲ್ಲಿ ಬೇರೆ ಯಾರಿಗೂ ತಿಳಿಯಲಿಲ್ಲ, ನಾನೂ ಹೇಳಿಲ್ಲ. ಅವತ್ತು ಬಸ್ಸು ಹತ್ತಿಸುವಾಗ ದೊಡ್ಡವ್ವ, ಹೈಸ್ಕೂಲು ಮುಗಿಯುವ ತನಕ ನಿನ್ನನ್ನು ಮನೆಯಲ್ಲಿಟ್ಟುಕೊಂಡು ದಿನಾ ಜಡೆ ಹಾಕಿ ಕಳಿಸಿದವಳು, ನನ್ನ ಕೈ ಹಿಡಿದು ಕೇಳಿದಳು: "ನಮ್ ಭಾಗ್ಯ ಅಲ್ಲಿದ್ದಿದ್ರೆ ಹಂಗೆ ಬಾಯ್ ಮುಚ್ಸಕ್ ಬುಡ್ತಿದ್ಲಾ?"

"ಇಲ್ಲ ಕಣವ್ವ" ಎಂದೆ. ಮುಂದಿನ ವರ್ಷ ನನ್ನಿಂದ ಆ ಸುಳ್ಳು ಹೇಳಿಸಬೇಡ.