ಎರೆಗೊಪ್ಪದ ಮೇಲೆ ಸುತ್ತಿದ ವಿಮಾನಗಳು

ಎರೆಗೊಪ್ಪ
ಜೂನ್ ೩೧, ೨೧೯೪

ವಿಮಾನದ ಸದ್ದು ಕೇಳಿದರೆ ಒಲೆಯ ಮೇಲಿನ ಹಾಲನ್ನೂ ಮರೆತು ಅಂಗಳಕ್ಕೆ ಓಡುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಿಮ್ಮ ಜೂನ್ ಮೂವತ್ತಕ್ಕೇ ಮುಗಿಯುತ್ತಿತ್ತಂತೆ. ತಿಂಗಳುಗಳನ್ನು ಹೊಸದಾಗಿ ಹಂಚಿದವರು ಅದಕ್ಕೆ ಒಂದು ದಿನ ಹೆಚ್ಚಿಗೆ ಕೊಟ್ಟಿದ್ದಾರೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಬಂದ ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ಆದರೆ ಇವಳಿಗೆ ಜಂಬ ಹೆಚ್ಚಾಯಿತೆಂದು ಯಾರಾದರೂ ಮೂಗು ಮುರಿದರೆ ಅದಕ್ಕೆ ಕ್ಷಮೆ ಕೇಳುವವಳು ನಾನಲ್ಲ. ನಮ್ಮೂರಲ್ಲಿ ಈ ವರ್ಷ ರೆಕ್ಕೆಕೂಟ ನಡೆಯಿತು. ನಾನು ಹೆಮ್ಮೆಪಡದೆ ಇನ್ಯಾರು ಪಡಬೇಕು?

ರೆಕ್ಕೆಕೂಟವೆಂದರೆ ಸಣ್ಣ ವಿಮಾನ ಹಾರಿಸುವವರೆಲ್ಲ ವರ್ಷಕ್ಕೊಮ್ಮೆ ಒಂದು ಊರಿಗೆ ಹಾರಿ ಬಂದು ಸೇರುವುದು. ಎಳ್ಳ ಅಮಾವಾಸ್ಯೆ ಕಳೆದು, ಹೊಲದಲ್ಲಿ ಬಿಳಿಜೋಳ ತೆನೆ ತುಂಬಿಕೊಂಡಿರುವ ಹೊತ್ತಿಗೆ ಅದು ನಡೆಯುತ್ತದೆ. ಗದಗ, ರಾಯಚೂರು, ಬಾಗಲಕೋಟೆ, ಕಲಬುರಗಿ, ಎಲ್ಲ ಕಡೆಯಿಂದಲೂ ಬರುತ್ತಾರೆ. ನಮ್ಮ ವಿಮಾನಗಳು ನಿಮ್ಮವುಗಳ ಹಾಗೆ ಆಕಾಶ ಹರಿಯುವಂತೆ ಸದ್ದು ಮಾಡುವುದಿಲ್ಲ. ಬಿಸಿಲು ಕುಡಿದು ಹಾರುತ್ತವೆ, ಇಬ್ಬರು ಕೂತರೆ ತುಂಬಿತು. ರೆಕ್ಕೆಗಳನ್ನು ಪುಂಡಿನಾರಿನಿಂದ ನೇಯ್ದು ಅಂಟು ಹಾಕಿ ಗಟ್ಟಿ ಮಾಡುತ್ತೇವೆ. ಹೌದು, ನೀವು ಪಲ್ಯ ಮಾಡಿ ಉಣ್ಣುವ ಅದೇ ಪುಂಡಿ. ಸೊಪ್ಪು ಇವತ್ತಿಗೂ ರೊಟ್ಟಿಯ ಜೊತೆಗೇ ಹೋಗುತ್ತದೆ, ನಾರು ಮಾತ್ರ ನಮ್ಮನ್ನು ಮೇಲೆ ಒಯ್ಯುತ್ತದೆ. ನನ್ನ ವಿಮಾನಕ್ಕೆ ಗೀಜಗ ಎಂದು ಹೆಸರು. ಅದರ ಎಡ ರೆಕ್ಕೆಯ ನಾರನ್ನು ಹೊಸೆದವಳು ನನ್ನ ಅಕ್ಕ ಸಂಗವ್ವ.

ಈ ಕೂಟವನ್ನು ನಮ್ಮೂರಿಗೆ ತರಬೇಕೆಂದು ಹಟ ಹಿಡಿದವಳೂ ಅವಳೇ. ಅದಕ್ಕೆ ಕಾರಣವಿತ್ತು. ಎರೆಗೊಪ್ಪದ ಸುತ್ತ ಎಲ್ಲಿ ನೋಡಿದರೂ ಎರೆಭೂಮಿ. ಮಳೆ ಬಿದ್ದರೆ ಆ ಕರಿಮಣ್ಣು ಗಾಲಿಯನ್ನೂ ಬಿಡುವುದಿಲ್ಲ, ಕಾಲನ್ನೂ ಬಿಡುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಅಕ್ಕನ ಮಗಳು ಶಾಂಭವಿಗೆ ಹೆರಿಗೆ ನೋವು ಬಂದಾಗ ಗಾಡಿ ಹಳ್ಳದ ಇಳಿಜಾರಿನಲ್ಲಿ ಹೂತುಹೋಯಿತು. ಶಾಂಭವಿ ಉಳಿದಳು, ಕೂಸು ಉಳಿಯಲಿಲ್ಲ. ಈಗ ಅವಳಿಗೆ ಮತ್ತೆ ಬಸಿರು ನಿಂತಿತ್ತು, ಹೆರಿಗೆ ಮತ್ತೆ ಮಳೆಗಾಲಕ್ಕೇ ಬರುವುದಿತ್ತು. ನಮ್ಮ ಕಾಲದಲ್ಲಿ ಹಾರುಸೂಲಗಿತ್ತಿಯರು ಇದ್ದಾರೆ, ವಿಮಾನದಲ್ಲಿ ಬಂದು ಹೆರಿಗೆ ಮಾಡಿಸುವವರು. ಆದರೆ ಅವರು ಇಳಿನೆಲವೆಂದು ಒಪ್ಪಿಗೆಯಾದ ಊರಿಗೆ ಮಾತ್ರ ಬರುತ್ತಾರೆ. ಆ ಒಪ್ಪಿಗೆ ಸಿಗುವುದು ರೆಕ್ಕೆಕೂಟದ ವಿಮಾನಗಳು ಅಲ್ಲಿ ಸುರಕ್ಷಿತವಾಗಿ ಇಳಿದರೆ. ಅದಕ್ಕಾಗಿ ಊರಿಗೆ ಊರೇ ಗರಸು, ಅಂದರೆ ಸಣ್ಣಕಲ್ಲಿನ ಗಟ್ಟಿ ಮಣ್ಣು, ಹೊತ್ತು ತಂದು ಹಾಕಿ, ಎರೆಯ ಮೇಲೆ ಉದ್ದನೆಯ ಗಟ್ಟಿ ಪಟ್ಟಿ ಮಾಡಿತು. ಅಕ್ಕನ ಅಂಗೈ ಬೊಬ್ಬೆ ಎದ್ದು ಒಡೆದುಹೋಗಿತ್ತು. ನನ್ನೂರಿನವರು ಕೈಯಲ್ಲಿ ಮಾಡಿದ ಆ ಪಟ್ಟಿಯನ್ನು ಮೇಲಿನಿಂದ ಮೊದಲ ಸಲ ನೋಡಿದಾಗ ನನಗೆ ಅಳು ಬಂದಿತ್ತು.

ಕೂಟದ ದಿನ ಬೆಳಿಗ್ಗೆ ನಾನು ಗದಗಿನ ಕಡೆಯಿಂದ ಬರುವವರಿಗೆ ದಾರಿ ತೋರಿಸಲು ಹೋಗಿದ್ದೆ. ಎಲ್ಲರೂ ಸಾಲಾಗಿ ಬಂದೆವು. ಪಟ್ಟಿಯ ಮೇಲೆ ಬಂದು ಕೆಳಗೆ ನೋಡಿದೆ. ಪಟ್ಟಿ ಶುರುವಾಗುವಲ್ಲೇ ದೊಡ್ಡದೊಂದು ಬಿಳಿ ಕತ್ತರಿ ಗುರುತು! ಮೂಲೆಯಿಂದ ಮೂಲೆಗೆ ಎಳೆದ ಎರಡು ದಪ್ಪ ಗೆರೆ. ಹಾರುವವರ ಭಾಷೆಯಲ್ಲಿ ಅದಕ್ಕೆ ಒಂದೇ ಅರ್ಥ: ಈ ನೆಲ ಮುಚ್ಚಿದೆ, ಇಳಿಯಬೇಡಿ. ಅದನ್ನು ಮೀರಿ ಇಳಿದವರು ಮತ್ತೆಂದೂ ವಿಮಾನ ಮುಟ್ಟುವಂತಿಲ್ಲ, ಇಳಿಸಿಕೊಂಡ ಊರಿಗೂ ಒಪ್ಪಿಗೆಯಿಲ್ಲ.

ನೆಲ ಮುಟ್ಟದೆ, ಸ್ವಲ್ಪ ತಗ್ಗಿಗೆ ಹಾರಿ ನೋಡಿದೆ. ಅಯ್ಯೋ ದೇವರೇ, ಅದು ರಂಗೋಲಿ! ಬರುವವರು ನಮ್ಮ ಅತಿಥಿಗಳು, ಬಾಗಿಲು ಖಾಲಿ ಇರಬಾರದೆಂದು ಅಕ್ಕನೂ ಓಣಿಯ ಹೆಂಗಸರೂ ಸೇರಿ ಪಟ್ಟಿಯ ಅಗಲಕ್ಕೂ ಎಂಟೆಸಳಿನ ಕಮಲ ಬಿಡಿಸಿದ್ದರು. ನೆಲದ ಮೇಲೆ ನಿಂತವರಿಗೆ ಅದು ಕೆಂಪು ಹಳದಿ ತುಂಬಿದ ಚೆಂದದ ಕಮಲ. ಎತ್ತರ ಹೋದಂತೆ ಬಣ್ಣವೆಲ್ಲ ಗರಸಿನಲ್ಲಿ ಕರಗಿ, ಎಸಳುಗಳನ್ನು ಹಿಡಿಯಲು ಮೂಲೆಯಿಂದ ಮೂಲೆಗೆ ಎಳೆದ ಎರಡು ದಪ್ಪ ಬಿಳಿ ಗೆರೆಗಳಷ್ಟೇ ಉಳಿಯುತ್ತಿದ್ದವು. ಇಷ್ಟು ಪ್ರೀತಿಯಿಂದ ಬಾಗಿಲು ಮುಚ್ಚಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ರೇಡಿಯೋದಲ್ಲಿ ಹೇಳಬಾರದಿತ್ತೇ ಎನ್ನುತ್ತೀರಿ. ಕೆಳಗಿನವರ ಬಳಿ ರೇಡಿಯೋ ಇರಲಿಲ್ಲ. ಹಾರುತ್ತಿದ್ದವರಿಗೆ ಹೇಳಿದೆ, ಯಾರೂ ನಂಬಲಿಲ್ಲ. ಅದಕ್ಕೆ ನಿಮ್ಮ ಕಾಲವೇ ಹೊಣೆ. ಯಂತ್ರಗಳು ಯಾರ ದನಿಯಲ್ಲಿ ಬೇಕಾದರೂ ಮಾತಾಡಲು ಕಲಿತದ್ದು ನಿಮ್ಮ ದಿನಗಳಲ್ಲೇ ಅಲ್ಲವೇ? ನಾವು ಅದಕ್ಕೆ ದನಿಗಳ್ಳತನ ಎನ್ನುತ್ತೇವೆ. ಕದ್ದ ದನಿಯನ್ನು ನಂಬಿ ಇಳಿಯಬಾರದ ಕಡೆ ಇಳಿದು ಎಷ್ಟೋ ಜನ ಸತ್ತ ಮೇಲೆ, ಹಾರುವವರು ಕಿವಿಯನ್ನು ಬಿಟ್ಟು ಕಣ್ಣನ್ನು ಹಿಡಿದರು. ನೆಲದ ಗುರುತು ಏನು ಹೇಳುತ್ತದೆಯೋ ಅದೇ ಕೊನೆಯ ಮಾತು. ಗದಗಿನ ರುದ್ರಗೌಡರು, ನಮ್ಮೆಲ್ಲರಿಗೂ ಹಿರಿಯರು, ಬೇಸರದಿಂದಲೇ ಹೇಳಿದರು: "ನೀನು ನೀಲವ್ವನ ಇರಬಹುದು ತಂಗಿ. ಆದ್ರ ನೆಲ ಬ್ಯಾಡ ಅಂದಮ್ಯಾಲ ಬ್ಯಾಡ." ಬೇರೆ ದಿಕ್ಕಿನಿಂದ ಬಂದಿದ್ದ ರಾಯಚೂರಿನವರು ಆಗಲೇ ವಿಮಾನದ ಮೂಗನ್ನು ಹಿಂದಕ್ಕೆ ತಿರುಗಿಸಿದ್ದರು. ಬ್ಯಾಟರಿ ಅರ್ಧಕ್ಕೆ ಬಂದರೆ ಎಲ್ಲರೂ ಹಿಂದಿರುಗಲೇಬೇಕು.

ಪಟ್ಟಿಯ ಮೇಲೆ ತಗ್ಗಿನಲ್ಲಿ ಹಾದು ಕೈ ಬೀಸಿದೆ. ಕೆಳಗಿನವರಿಗೆ ಹಿಗ್ಗೋ ಹಿಗ್ಗು. ಇಷ್ಟು ಹತ್ತಿರ ಬಂದು ಮಾತಾಡಿಸುತ್ತಿದ್ದಾಳೆಂದು ಅವರೂ ಸೆರಗು ಬೀಸಿದರು, ಹಲಗೆ ಬಾರಿಸಿದರು. ನನಗೆ ಸಿಟ್ಟು, ನಗು, ಭಯ ಎಲ್ಲ ಒಟ್ಟಿಗೇ ಬಂತು. ಶಾಂಭವಿ ಪಟ್ಟಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಆಗ ನಾನು ಮೋಟಾರನ್ನು ಪೂರ್ತಿ ನಿಲ್ಲಿಸಿಬಿಟ್ಟೆ. ತಗ್ಗಿನಲ್ಲಿ ಹಾಗೆ ಮಾಡುವುದು ಹುಚ್ಚುತನ, ಗೊತ್ತಿತ್ತು. ಗಾಳಿಯ ಸುಯ್ಯೆನ್ನುವ ಸದ್ದೊಂದೇ ಉಳಿಯಿತು. ಅವರ ತಲೆಯ ಮೇಲೆ ತೇಲುತ್ತ, ಕಿಟಕಿಯಿಂದ ಕತ್ತು ಹೊರಹಾಕಿ, ಹೊಟ್ಟೆಯೊಳಗಿನ ಉಸಿರೆಲ್ಲ ಎಳೆದು ಕೂಗಿದೆ: "ಅಕ್ಕಾ! ರಂಗೋಲಿ ಅಳಸ! ಮ್ಯಾಲಿಂದ ಕತ್ರಿ ಕಾಣಾಕತ್ತೈತಿ!"

ಮೋಟಾರನ್ನು ಮತ್ತೆ ಶುರುಮಾಡಿ, ಮೇಲೇರಿ, ತಿರುಗಿ ನೋಡಿದೆ. ಅಕ್ಕ ಕಮಲದ ನಡುವೆ ನಿಂತಿದ್ದಳು. ಬೆಳಕು ಹರಿಯುವ ಮೊದಲಿನಿಂದ ಬಗ್ಗಿ ಹಾಕಿದ ರಂಗೋಲಿ ಅದು. ಒಮ್ಮೆ ಅದನ್ನು ಸುತ್ತ ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ, ಎರಡೂ ಕಾಲಿನಿಂದ ಉಜ್ಜತೊಡಗಿದಳು. ಮಿಕ್ಕವರೂ ನುಗ್ಗಿದರು. ಅತಿಥಿಗಳ ಕಾಲಿಗೆಂದು ತುಂಬಿಟ್ಟಿದ್ದ ನೀರಿನ ಕೊಡಗಳನ್ನೆಲ್ಲ ತಂದು ಸುರಿದರು. ಬಿಳಿ ಗೆರೆಗಳು ಒಂದೊಂದಾಗಿ ಕೆಸರಾಗಿ ಮಾಯವಾದವು, ಪಟ್ಟಿ ಬರಿದಾಯಿತು, ಹೆಂಗಸರು ಬದಿಗೆ ಸರಿದರು.

ಮೊದಲು ಇಳಿದವರು ರುದ್ರಗೌಡರು. ಅವರ ಹಿಂದೆ ಒಬ್ಬೊಬ್ಬರೇ. ದೂರ ಹೋಗಿದ್ದ ರಾಯಚೂರಿನವರೂ ಹೊಳ್ಳಿ ಬಂದರು. ನಮ್ಮ ಗರಸು ಒಂದೆಡೆಯೂ ಕುಸಿಯಲಿಲ್ಲ, ಯಾರ ಗಾಲಿಯೂ ಮುರಿಯಲಿಲ್ಲ. ಸಂಜೆ ರುದ್ರಗೌಡರು ಎಲ್ಲರೆದುರು ಎರೆಗೊಪ್ಪ ಇನ್ನು ಮುಂದೆ ಇಳಿನೆಲವೆಂದು ಸಾರಿದಾಗ ಊರು ಹಾಕಿದ ಕೇಕೆ ನಿಮ್ಮ ಕಾಲಕ್ಕೂ ಕೇಳಿಸಿರಬೇಕು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಡಿಸುತ್ತ ಅಕ್ಕ ನನ್ನ ಕಿವಿ ಹಿಂಡಿದಳು. "ಹಾಳಾದಾಕಿ, ನನ್ನ ಸೊಂಟ ಮುರಿಯೂದಕ್ಕಿಂತ ಮೊದಲ ಹೇಳಬಾರದಾಗಿತ್ತೇನ?" ಅಷ್ಟು ಹೇಳಿ ನನ್ನ ಹೆಗಲ ಮೇಲೆ ಮುಖವಿಟ್ಟು ಅತ್ತಳು. ನಾನೂ ಅತ್ತೆ. ಅಕ್ಕಾ, ನಿನ್ನಂಥವಳು ಇನ್ನೊಬ್ಬಳಿಲ್ಲ ಎಂದು ಬಾಯಿಬಿಟ್ಟು ಹೇಳಿದೆ.

ಈಗ ಹೊರಗೆ ಮಳೆ ಹೊಯ್ಯುತ್ತಿದೆ. ಹಳ್ಳ ತುಂಬಿದೆ, ದಾರಿ ಮುಚ್ಚಿದೆ. ನಿನ್ನೆ ಮಧ್ಯಾಹ್ನ ಶಾಂಭವಿಗೆ ನೋವು ಶುರುವಾಯಿತು. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಹಾರುಸೂಲಗಿತ್ತಿಯ ವಿಮಾನ ಮೋಡದಿಂದ ಹೊರಬಿದ್ದು, ಒಂದು ಸುತ್ತು ಹಾಕಿ, ನಮ್ಮ ಪಟ್ಟಿಯ ಮೇಲೆ ಇಳಿಯಿತು. ಕೂಸು ಕಾಲು ಮುಂದಾಗಿ ಬರುತ್ತಿತ್ತಂತೆ. ಆ ಸೂಲಗಿತ್ತಿ ಬರದಿದ್ದರೆ ಕೂಸೂ ತಾಯಿಯೂ ಇರುತ್ತಿರಲಿಲ್ಲ.

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ದನಿಯನ್ನು ಕಂಡಕಂಡವರ ಕೈಗೆ ಕೊಡಬೇಡಿ. ಒಬ್ಬರು ಕರೆದರೆ ಇನ್ನೊಬ್ಬರು ನಂಬಿ ಬರುವ ಭಾಗ್ಯ ನಿಮಗೆ ಇನ್ನೂ ಇದೆ. ಅದನ್ನು ಕಳೆದುಕೊಂಡವರ ಮೊಮ್ಮಕ್ಕಳು ನಾವು.

ಇನ್ನೂ ಬರೆಯುವುದಿತ್ತು. ಆದರೆ ಒಳಗೆ ಕೂಸು ಎದ್ದು ಅಳುತ್ತಿದೆ, ಯಾರಾದರೂ ಎತ್ತಿಕೊಳ್ಳಿರೆಂದು ಅಕ್ಕ ಕೂಗುತ್ತಿದ್ದಾಳೆ. ಹೋಗುತ್ತೇನೆ, ಈಗ ನನ್ನ ಸರದಿ.

ನಿಮ್ಮ
ನೀಲಗಂಗಾ (ಎಲ್ಲರ ಬಾಯಲ್ಲಿ ನೀಲವ್ವ)