ಚುಕ್ಚಿ ಸಮುದ್ರದ ಮರ್ಯಾದೆ

ಏಪ್ರಿಲ್ ೨೯, ಬುಧವಾರ.

ಮೊಮ್ಮಗಳು ಮಸಾಕ್ ಇನ್ನೂ ನನ್ನೊಡನೆ ಮಾತಾಡಿಲ್ಲ. ತಿಮಿಂಗಿಲದ ಬೇಟೆಗೆಂದು ಎಂಟು ಜನರನ್ನು ಕಟ್ಟಿಕೊಂಡು ಮಂಜುಗಡ್ಡೆಯ ಅಂಚಿನಲ್ಲಿ ಡೇರೆ ಹಾಕಿದ್ದವಳನ್ನು ಇವತ್ತು ನಾನೇ ಎಬ್ಬಿಸಿ ಕರೆತಂದೆ. ಒಂದು ತಿಮಿಂಗಿಲವೆಂದರೆ ಊರಿಗೆಲ್ಲ ಚಳಿಗಾಲದ ಊಟ. ಸಿಟ್ಟು ಬಾರದೆ ಇರುತ್ತದೆಯೇ?

ಬಾತುಕೋಳಿಯ ಸಾರು ಕೊಡಲು ಹೋದವಳು ಅಭ್ಯಾಸದಂತೆ ನೀರಿನ ಸೆಳೆತ ಯಾವ ಕಡೆಗೆಂದು ನೋಡಲು ಸೀಸದ ಗುಂಡು ಕಟ್ಟಿದ ದಾರವನ್ನು ನೀರಿಗೆ ಇಳಿಬಿಟ್ಟೆ. ಬೆಳಿಗ್ಗೆ ದಡದ ಕಡೆ ವಾಲಿತ್ತಂತೆ. ಈಗ ಕಡಲಿನ ಕಡೆ ಜಗ್ಗುತ್ತಿತ್ತು.

“ಗಂಟುಮೂಟೆ ಕಟ್ರೇ, ಗಡ್ಡೆ ದಡ ಬಿಡ್ತದೆ,” ಅಂದೆ.

“ಅಜ್ಜೀ, ಉಪಗ್ರಹದ ಚಿತ್ರದಲ್ಲಿ ಗಟ್ಟಿಯಾಗೇ ಇದೆ, ನೋಡು,” ಅಂದಳು ಮಸಾಕ್.

“ಮೇಲಿಂದ ನೋಡ್ದೋನಿಗೆ ಹೊಟ್ಟೆನೋವು ಕಾಣ್ತದೇನೇ?”

ಎಲ್ಲರೂ ನಕ್ಕರು, ಆದರೂ ಕಟ್ಟಿದರು. ನಾವು ದಡ ಸೇರಿ ಚಹಾ ಕಾಯಿಸುವಷ್ಟರಲ್ಲಿ ಗಡ್ಡೆ ಸೀಳಿ, ಊರಗಲದ ತುಂಡು ತೇಲಿಹೋಯಿತು. ಅದರ ಪಕ್ಕದಲ್ಲೇ ತಿಮಿಂಗಿಲವೊಂದು ಮೇಲೆದ್ದು ಉಸಿರು ಚಿಮ್ಮಿಸಿತು.

ಎಂಥ ಸಮುದ್ರ ಇದು. ತೆಂಕಣ ನೀರನ್ನು ಜಲಸಂಧಿಯ ಇಕ್ಕಟ್ಟಿನ ಬಾಗಿಲಿನಿಂದ ಒಳಗೆಳೆದುಕೊಂಡು ತಿಮಿಂಗಿಲ, ಸೀಲು, ನಮ್ಮನ್ನು, ಎಲ್ಲರನ್ನೂ ಸಾಕುತ್ತದೆ. ಕಿತ್ತುಕೊಳ್ಳುವ ಮೊದಲು ಹೇಳುತ್ತದೆ. ಅಷ್ಟು ಮರ್ಯಾದೆ ನಮ್ಮ ಬೀಗರಿಗೂ ಇಲ್ಲ.

ಮಸಾಕ್ ಒಳಗೆ ಪಾತ್ರೆ ಕುಕ್ಕುತ್ತಿದ್ದಾಳೆ. ಕುಕ್ಕಲಿ. ಕುಕ್ಕಲು ಮನೆಗೆ ಬಂದಿದ್ದಾಳಲ್ಲ...